ಸೇರಿಸಲು ಬರುತ್ತದೆ, ಅಳಿಸಲು ಬಾರದು

ಟಿಕೆಟ್ ಕಂಪನಿಯ ಪಟ್ಟಿಯಿಂದ
ಹಾಪ್ಸಾಲುವಿನ ನಮ್ಮ ಸಭಾಂಗಣದ ಪುಟಕ್ಕೆ
ಕಾಲು ಗಂಟೆಗೊಮ್ಮೆ ಇರುವೆಸಾಲು,
ಹೆಸರು, ಬೆಲೆ, ಹೊತ್ತು ಹೊತ್ತು ತರುತ್ತದೆ.
ಸೇರಿಸಲು ಬರುತ್ತದೆ ಅದಕ್ಕೆ,
ಅಳಿಸಲು ಬಾರದು.

ಹಿಮಗಟ್ಟಿದ ಮೆಟ್ಟಿಲಲ್ಲಿ ಜಾರಿ
ಮಣಿಕಟ್ಟು ಮುರಿದುಕೊಂಡ ಅಕಾರ್ಡಿಯನ್ನಿನ ಯೂಲೊ.
ಅಲ್ಲಿ ಅವನ ಗುರುವಾರ ಅಳಿಸಿಹೋಯಿತು,
ಕೊಂಡವರ ಹಣವೂ ಮರಳಿತು.
ಇಲ್ಲಿ ಉಳಿದೇ ಇತ್ತು: ಸಂಜೆ ಏಳು.

ಏಳಕ್ಕೆ ಬಂದವಳು ಒಬ್ಬಳೇ, ಹೆಲ್ಯಾ,
ಟಿಕೆಟ್ಟಿಗೆಂದು ಎಣಿಸಿಟ್ಟ ಚಿಲ್ಲರೆ ಮುಷ್ಟಿಯಲ್ಲಿ.
"ನಿಮ್ಮ ಪುಟದಲ್ಲೇ ಇತ್ತಲ್ಲ?"

ಇತ್ತು, ಎಂದೆ.
ಒಲೆಗೆ ಬರ್ಚ್ ಸೌದೆ ಒಟ್ಟಿದೆ,
ಎಂಬತ್ತು ಕುರ್ಚಿಗಳಲ್ಲಿ ಎರಡನ್ನು ಬಿಡಿಸಿದೆ.
ಅವಳ ಬೂಟಿನ ಹಿಮ ಕರಗಿ
ವೇದಿಕೆಯತ್ತ ಹರಿಯಿತು.
ಯಾರೂ ಏನೂ ನುಡಿಸಲಿಲ್ಲ.

ಏಳೂಕಾಲಿಗೆ ಪರದೆ ಬೆಳಗಿತು:
ಸಿಂಕ್ ಯಶಸ್ವಿ.
ಬದಲಾವಣೆ: ಸೊನ್ನೆ.