ಮಾಕುಟ್ಟದಲ್ಲಿ ತುಂಡಾದ ಸೇತುವೆ

ನಮ್ಮ ಜಿಲ್ಲೆಯಲ್ಲಿ ಒಂದು ಗೇಣು ಹಳಿಯಿಲ್ಲ.
ಅದಕ್ಕೇ ಇರಬೇಕು, ನಾವು ನಾಲ್ವರಿಗೆ
ರೈಲಿನ ಹುಚ್ಚು ಹೀಗೆ ಹತ್ತಿದ್ದು.

ಗೋಣಿಕೊಪ್ಪದ ಉತ್ತಯ್ಯ ಮಾವ
ಮಿಲಿಟರಿ ಸ್ಪೆಷಲ್ಲುಗಳಲ್ಲಿ ದೇಶವನ್ನು ಉದ್ದಕ್ಕೆ ಸೀಳಿ ಬಂದವರು.
ಈಗ ಕಣ್ಣಿಗೆ ಮಂಜು. ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.
ಪೊನ್ನಂಪೇಟೆಯ ದೇಚಮ್ಮ ಟೀಚರಿಗೆ
ಕೊರಳಲ್ಲಿ ಡ್ರಿಲ್ಲಿನ ಸೀಟಿ, ಬ್ಯಾಗಿನಲ್ಲಿ
ಎಣ್ಣೆಜಿಡ್ಡು ಹಿಡಿದ ಹಳೇ ಟೈಮ್‌ಟೇಬಲ್.
ಸಿದ್ದಾಪುರದ ಟಯರ್ ಅಂಗಡಿ ಮೊಯ್ದು
ಒಮ್ಮೆಯೂ ರೈಲು ಹತ್ತಿದವನಲ್ಲ, ಹತ್ತುವುದೂ ಇಲ್ಲವಂತೆ:
‘ಒಳಗೆ ಕೂತರೆ ರೈಲು ಕಾಣುವುದು ಹೇಗೆ?’
ಮತ್ತೆ ನಾನು,
ವಿರಾಜಪೇಟೆ–ತಲಚೇರಿ ಬಸ್ಸಿನ ಕಂಡಕ್ಟರ್.

ಕಾನೂನು ಉತ್ತಯ್ಯ ಮಾವನದು.
ಹಳಿಯ ಮೇಲಿರುವವರು ಸ್ಟೇಷನ್ನು ಹೇಳಬೇಕು,
ರಸ್ತೆಯಲ್ಲಿರುವವರು ಮೈಲಿಗಲ್ಲು,
ಮನೆಯಲ್ಲಿರುವವರು ‘ಸರಿ’ ಅನ್ನಬೇಕು.
ಮಳೆಯಿರಲಿ, ಮದುವೆಯಿರಲಿ, ಜ್ವರವಿರಲಿ,
ಒಂದು ಸರಿ.

ಅವತ್ತು ದೇಚಮ್ಮ ಮಂಗಳೂರಿನಲ್ಲಿ ಗಾಡಿ ಹತ್ತಿದ್ದರು,
ಶೊರನೂರಿಗೆ, ಅಲ್ಲಿಂದ ನಿಲಂಬೂರಿಗೆ,
ತೇಗದ ಮರಗಳ ನಡುವಿನ ಒಂಟಿ ಹಳಿ ನೋಡಲಿಕ್ಕೆ.
ನನ್ನ ಚೀಲದಲ್ಲಿ ಚಿಲ್ಲರೆಯ ಜೊತೆ
ಅವರು ಮರೆತು ಬಿಟ್ಟುಹೋದ ಕಾಚಂಪುಳಿ ಬಾಟಲಿ.
ತಲಚೇರಿಯಲ್ಲಿ ಕಿಟಕಿಯಿಂದ ಕೊಡುವುದೆಂದು ಮಾತು.

ಪೆರುಂಬಾಡಿ ದಾಟುವಾಗ ಫೋನು:
‘ನೇತ್ರಾವತಿ ಬರುತ್ತಿದೆ, ಎಲ್ಲರೂ ಲೈನಿನಲ್ಲಿರಿ.’
ಶುಂಠಿ ಕಂಟ್ರಾಕ್ಟರ್ ಐನೂರರ ನೋಟು ಹಿಡಿದು ನಿಂತಿದ್ದ.
ಬೆರಳು ಮೇಲೆತ್ತಿ ತಡೆದೆ.
ನಮ್ಮ ಬಸ್ಸಿನ ಗಡಗಡದೊಳಗೆ ಇನ್ನೊಂದು ಗಡಗಡ,
ಕಬ್ಬಿಣ ನೀರಿನ ಮೇಲೆ ಉಸಿರು ಬಿಡುವ ಸದ್ದು.
ಒಂದು ಅಂಕಣ, ಎರಡು, ಮೂರು...
ಏಳಕ್ಕೆ ಕಾಡು ಬಂತು.
ಮಾಕುಟ್ಟದ ಕಾಡು ಸೇತುವೆಯನ್ನು ನಡುಮಧ್ಯೆ ಕತ್ತರಿಸಿತು.
ಡ್ರೈವರ್ ಲಾದ್ರು ಕನ್ನಡಿಯಲ್ಲೇ ನಕ್ಕ:
‘ನಿನ್ನ ರೈಲು ಹೊಳೆಗೆ ಬಿತ್ತಾ?’

ತಿರುವು. ತಿರುವು. ಒಬ್ಬಳಿಗೆ ವಾಂತಿ.
ಹಸಿ ಸೊಪ್ಪಿನ ವಾಸನೆ, ಬ್ರೇಕಿನ ಸುಟ್ಟ ವಾಸನೆ.
ಕೂಟುಪುಳೆಯಲ್ಲಿ ಜೇಬು ಒಮ್ಮೆಲೇ ನಡುಗಿತು,
ಉತ್ತಯ್ಯ ಮಾವ: ‘ಎಲ್ಲಿಯವರೆಗೆ ಕೇಳಿದೆ?’
‘ಏಳು.’
‘ಉಳಿದದ್ದು ನನ್ನ ಹತ್ತಿರ ಇದೆ.
ಬಿಡುವಾದಾಗ ಬಂದು ತೆಗೆದುಕೊಂಡು ಹೋಗು.’

ತಲಚೇರಿಯಲ್ಲಿ ಇಪ್ಪತ್ತೈದು ನಿಮಿಷ ಬಿಡುವು.
ಇಡೀ ದಿನ ಊರೂರಿಗೆ ಟಿಕೆಟ್ ಹರಿಯುವವನು
ಎಲ್ಲಿಗೂ ಹೋಗದ ಟಿಕೆಟ್ಟೊಂದನ್ನು ಕೊಂಡೆ,
ಹತ್ತು ರೂಪಾಯಿಗೆ, ಪ್ಲಾಟ್‌ಫಾರಮ್ಮಿನದು.
ಖಾಕಿ ನೋಡಿ ಯಾರೋ ಕೇಳಿದರು: ‘ಸಾರ್, ಗಾಡಿ ಎಷ್ಟು ಲೇಟು?’
ಹೆಮ್ಮೆಯಾಯಿತು. ‘ಹದಿನೆಂಟು ನಿಮಿಷ’ ಎಂದೆ.
ಆಮೇಲೆ ನನಗೇ ಲೆಕ್ಕ ಹೊಳೆಯಿತು.

ಓಡಿದೆ.
ಲಾದ್ರು ಆಗಲೇ ಎಂಜಿನ್ ಶುರುಮಾಡಿದ್ದ.
ಬಸ್ಸು ಗೇಟಿನಿಂದ ಹೊರಳುವಾಗ
ಕಟ್ಟಡಗಳ ಆಚೆ ಗಾಡಿ ಬಂದು ನಿಲ್ಲುವ ಸದ್ದು,
ಬಟ್ಟೆ ಹರಿದಂತೆ, ಉದ್ದಕ್ಕೆ.
ಕಾಚಂಪುಳಿ ಚೀಲದಲ್ಲೇ ಕುಲುಕಾಡುತ್ತ ಘಟ್ಟ ಹತ್ತಿತು.

ಮತ್ತೆ ಕಾಡು.
ಮತ್ತೆ ಪೆರುಂಬಾಡಿ. ಸಾಲಾಗಿ ಬಂದು ಬಿದ್ದವು:
ದೇಚಮ್ಮ: ‘ಕಿಟಕಿಯಿಂದ ನನ್ನ ಸೀಟಿ ಊದಿದೆ, ಕೇಳಿತಾ?
ಗಾರ್ಡ್ ಬಂದು ಬೈದು ಹೋದ. ರೆಕಾರ್ಡ್ ಮಾಡಿದ್ದೇನೆ.’
ಮೊಯ್ದು: ನಗುವ ಮುಖ, ನಾಲ್ಕು.
ಉತ್ತಯ್ಯ ಮಾವ: ‘ಮೂರು ಸಲ ಕೇಳಿಸಿಕೊಂಡೆ.
ಅದರಲ್ಲಿ ಎರಡು ಸೀಟಿ ಇದೆ.
ದೂರದ್ದು ನಿನ್ನ ಬಸ್ಸಿನದು. ಹೌದಲ್ಲ?
ಒಂದು ಕ್ಷಣ ಇಬ್ಬರೂ ಒಂದೇ ಊರಿನಲ್ಲಿದ್ದಿರಿ.’

ಅವತ್ತು ನಾನು ಸೀಟಿ ಊದಿರಲಿಲ್ಲ.
ಏದುಸಿರಿಗೆ ಊದಲಾಗದೆ
ಬಸ್ಸಿನ ತಗಡಿಗೆ ಎರಡೇಟು ಬಡಿದಿದ್ದೆ, ಅಷ್ಟೆ.
ದೂರದ ಸೀಟಿ ಗಾರ್ಡಿನದೇ ಇರಬೇಕು.

ವಿರಾಜಪೇಟೆ ಆರು ಕಿಲೋಮೀಟರ್, ಕಲ್ಲು ಹೇಳಿತು.
ಅದನ್ನು ಬರೆದೆ.
ಅದರ ಕೆಳಗೆ, ನಾನು ಮನೆಯಲ್ಲಿಲ್ಲದಿದ್ದರೂ,
‘ಸರಿ’ ಎಂದೆ.