ಆರರ ಅಡಿಯ ಚುಕ್ಕಿ

ವಾಲ್ಪರೈಸೊ ಬಂದರಿನ ನಕ್ಷೆಕೋಣೆಯಲ್ಲಿ
ನಿನ್ನ ಪೆನ್ಸಿಲು ಇನ್ನೂ ಇದೆ, ಎಫ್ರೈನ್,
ತುದಿಯಲ್ಲಿ ಹಲ್ಲಿನ ಗುರುತು.

ಕಡಲಿನ ಆಳ ಬರೆಯುವಾಗ
ಪ್ರತಿ ಆರರ ಅಡಿಗೊಂದು ಚುಕ್ಕಿ ಇಡುತ್ತಿದ್ದೆ.
"ಮೇಜಿನ ಆಚೆ ನಿಂತವನಿಗೆ ಆರು ಒಂಬತ್ತಾದರೆ
ಹಡಗು ಕೂತೀತು, ಮಾರಾಯ."

ಎದೆಗೂಡಲ್ಲಿ ನೀರು ನಿಂತ ಮೇಲೂ
ಆಸ್ಪತ್ರೆಯಿಂದ ಫೋನು:
ಮೂರನೇ ಕಟ್ಟೆಯ ಬಳಿ ಹೂಳೆಷ್ಟು?
ಹೇಳಿದೆ. ಉಸಿರು ಕೂಡಿಸಿಕೊಂಡು ತಿದ್ದಿದೆ ನೀನು.
ಅಷ್ಟರಲ್ಲಿ ನಿನ್ನೊಳಗಿನ ನೀರು ತೆಗೆಯಲು
ನರ್ಸು ಬಂದಳು.
"ಆಮೇಲೆ" ಅಂದೆ.

ಈಗ ಅಳತೆಯೆಲ್ಲ ಯಂತ್ರದ್ದು, ಅಂಕಿಗಳು ನುಣ್ಣಗೆ.
ಹೊಸ ಹುಡುಗಿ ಮಗಾಲಿ ನಿನ್ನನ್ನು ಕಂಡವಳಲ್ಲ.
ನಿನ್ನೆ ಅವಳ ಚೀಟಿಯಲ್ಲೊಂದು ಆರು,
ಕೆಳಗೆ ಚುಕ್ಕಿ.
ಯಾರು ಕಲಿಸಿದ್ದು? ನನ್ನ ದನಿ ಒರಟಾಗಿತ್ತು.

"ಹಳೇ ನಕ್ಷೆಗಳು" ಅಂದಳು,
ತಲೆಯೆತ್ತದೆ.