ಕೊಳೆನೀರಿನ ಡಬ್ಬ

ಸಾಲಗಾಮೆ ರಸ್ತೆ ಮನೆಯದು ಕಪ್ಪು, ಚಪ್ಪಟೆ,
ಹೋಳಿಗೆ ಹೆಂಚಿನಷ್ಟು ಅಗಲ.
ಪೆನ್ಷನ್ ಮೊಹಲ್ಲಾದ್ದು ಬಿಳಿ. ತಲೆ ಮೇಲೊಂದು ಗುಬುಟು,
ಅದರೊಳಗೆ ಕಣ್ಣು ತಿರುಗುತ್ತಂತೆ.
ಎರಡನ್ನೂ ಬಲ್ಲವಳು ಹಾಸನದಲ್ಲಿ ನಾನೊಬ್ಬಳೇ ಇರಬೇಕು:
ಬೆಳಗ್ಗೆ ಏಳಕ್ಕೆ ಅಲ್ಲಿ, ಹತ್ತೂವರೆಗೆ ಇಲ್ಲಿ.

ಕಪ್ಪಿನದು ಎರಡು ದುಂಡು ಬಟ್ಟೆ ತಿರುಗಿಸಿ ಒರೆಸುತ್ತೆ,
ರಾಗಿಕಲ್ಲು ಬೀಸಿದ ಹಾಗೆ.
ಬಿಳಿಯದಕ್ಕೆ ಉರುಳೆ; ಉರುಳ್ತಾ ಉರುಳ್ತಾ
ತನ್ನನ್ನೇ ತಾನು ತೊಳಕೊಳ್ಳುತ್ತೆ.
ಮೂಲೆಗೆ ಎರಡೂ ಅಷ್ಟಕ್ಕಷ್ಟೆ.
ಮೂಲೆ ಅಂದರೆ ಬೆರಳಿಗೆ ಬಟ್ಟೆ ಸುತ್ತಿ ತಿರುವಬೇಕು,
ಅದಿನ್ನೂ ಯಾವ ಕಂಪನಿಗೂ ಹೊಳೆದಿಲ್ಲ.

ಕೂದಲಿಗೆ ಬಿಳಿಯದೇ ವಾಸಿ.
ನಯೀಮಾ ಟೀಚರ್ ಮನೇಲಿ ಮೂರು ಹೆಣ್ಣುಮಕ್ಕಳು,
ಮಂಡಿಯುದ್ದ ಜಡೆ. ನುಂಗಿ ಅರಗಿಸಿಕೊಳ್ಳುತ್ತೆ.
ಕಪ್ಪಿಗೆ ನಾಲ್ಕೆಳೆ ಸಿಕ್ಕರೆ ಸಾಕು, ಗಂಟಲು ಕಟ್ಟಿ
ನಡುಮನೇಲಿ ನಿಂತು ಹೆಂಗಸಿನ ದನೀಲಿ ಇಂಗ್ಲಿಷ್ ಮಾತಾಡುತ್ತೆ.
ಮಗುಚಿ ಹಾಕಿ, ಬ್ಲೇಡಲ್ಲಿ ಕುಯ್ದು,
ಹೋಗಮ್ಮ ಅಂತೀನಿ.
ಹೋಗುತ್ತೆ.

ಹೊಸಿಲು ಕಂಡರೆ ಎರಡಕ್ಕೂ ದಿಗಿಲು.
ಒಂದು ಶುಕ್ರವಾರ ಡಾಕ್ಟರ್ ವಾಗ್ದೇವಿಯವರು
ದೇವರ ಮನೆ ಮುಂದೆ ಎಳೆದ ಹದಿನೈದು ಚುಕ್ಕಿ ರಂಗೋಲಿಯನ್ನ
ಕಪ್ಪಿನದು ಕಸ ಅಂತ ಅರ್ಧ ತಿಂದು
ಉಳಿದರ್ಧವನ್ನ ಮನೆಯೆಲ್ಲ ಬಳಿದಿತ್ತು.
ಯಾರನ್ನ ಬಯ್ಯೋದು ಅಂತ ತಿಳೀದೆ
ಅವರು ನನ್ನ ಮುಖ ನೋಡಿದರು.

ಇನ್ನು ಅವು ಬಂದು ಕೂರೋ ಗೂಡು. ಬೇಸು ಅಂತಾರೆ.
ಅಲ್ಲಿ ನಡೆಯೋ ಉಪಚಾರ ನೀವು ನೋಡಬೇಕು!
ಹೊಟ್ಟೇಲಿರೋ ದೂಳನ್ನ ಗೊರ್ರೋ ಅಂತ ಎಳೆದು ಚೀಲಕ್ಕೆ ತುಂಬಿ,
ಬಟ್ಟೆ ಜಾಲಿಸಿ, ಹಿಂಡಿ,
ಮೂರು ಗಂಟೆ ಬೆಚ್ಚನೆ ಗಾಳಿ ಊದುತ್ತೆ
ಬಾಣಂತಿ ತಲೆಗೆ ಸಾಂಬ್ರಾಣಿ ಹಿಡಿದ ಹಾಗೆ.
ಕಪ್ಪಿನದಕ್ಕೆ ಜಾಲಿಸೋ ನೀರು ತಣ್ಣಗೆ. ಬಿಳಿಯದಕ್ಕೆ ಬಿಸಿ.
ಪುಷ್ಯದ ಚಳೀಲಿ ಇಲ್ಲಿನ ನಲ್ಲಿಗೆ ಕೈಯೊಡ್ಡಿದವರಿಗೆ ಗೊತ್ತು,
ಅದೊಂದಕ್ಕೇ ಹನ್ನೆರಡು ಸಾವಿರ ಜಾಸ್ತಿ ಕೊಡಬಹುದು.
ಒಂದಿನ ಟೀಚರ್ ಇಲ್ಲದಾಗ
ಆ ಗೂಡಿನ ಬಾಯಿಗೆ ಕೈ ಹಿಡಿದು ಕೂತಿದ್ದೆ.
ಬೆರಳ ಸಂದಿ ಆರೋ ತನಕ.

ತನ್ನ ಕೆಲಸ ತಾನೇ ನೋಡಿಕೊಳ್ಳುತ್ತೆ
ಅಂದಿದ್ದನಂತೆ ಶೋರೂಮಿನ ಹುಡುಗ.
ನಿಜ. ಆದರೆ ಹಿಂಬದೀಲಿ ಒಂದು ಡಬ್ಬ ಇದೆ.
ನಾಲ್ಕು ಲೀಟರು ಕೊಳೆನೀರು.
ಎರಡು ದಿನ ಬಿಟ್ಟರೆ ನೆನೆಹಾಕಿ ಮರೆತ ಹುರುಳಿಯ ನಾತ.
ಅದು ತಾನಾಗಿ ಎದ್ದು ಬಚ್ಚಲಿಗೆ ಹೋಗೋದಿಲ್ಲ.
ನಾದಿನಿ ಮಗಳ ಮದುವೆ ಅಂತ ಅರಸೀಕೆರೆಗೆ ಹೋಗಿ
ವಾರ ಬಿಟ್ಟು ಬಂದರೆ
ಎರಡು ಮನೇಲೂ ಕೆಂಪು ದೀಪ ಹಚ್ಚಿಕೊಂಡು
ದಾರಿ ಕಾಯ್ತಾ ಕೂತಿದ್ದವು.

ಮೊನ್ನೆ ಮೂರನೇ ಮನೆ, ವಿದ್ಯಾನಗರ.
ಎಲ್ಐಸಿ ಚನ್ನಕೇಶವಯ್ಯನವರು ಫೋನು ಚಾಚಿದರು,
ಕಪ್ಪು ಒಂದು ಕಡೆ, ಬಿಳಿ ಒಂದು ಕಡೆ.
'ಎರಡನ್ನೂ ನೋಡಿರೋಳು ನೀನೇ ಅಲ್ವಾ ನಿಂಗಾಜಮ್ಮ,
ಯಾವುದು ತಗೊಳ್ಳಲಿ?'
ಹನ್ನೊಂದು ವರ್ಷದಿಂದ ಅವರ ನೆಲ ಒರೆಸ್ತಾ ಇದೀನಿ.
'ತಿಂಗಳಿಗೆ ಎರಡೂವರೆ ಅಂದ್ರೆ, ಎರಡು ವರ್ಷಕ್ಕೆ...'
ಅಂತ ಲೆಕ್ಕ ಶುರುಮಾಡಿ
ಅರ್ಧಕ್ಕೇ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು.

ಫೋನನ್ನ ದೂರ ಹಿಡಿದು ನೋಡಿದೆ.
ನಿಮ್ಮದು ಗಾರೆ ನೆಲ, ಎರಡೂ ಆಗಿಬರಲ್ಲ
ಅನ್ನಬಹುದಿತ್ತು. ನಂಬುತ್ತಿದ್ದರು.
ಬಾಯಿಗೂ ಬಂದಿತ್ತು.

ಬಿಳಿಯದೇ ತಗೊಳ್ಳಿ ಅಂದೆ.
ಕಪ್ಪಿನದರ ಡಬ್ಬಕ್ಕೆ ಹಿಡಿ ಇಲ್ಲ ಸ್ವಾಮಿ,
ಎದೆಗೆ ಅವುಚಿಕೊಂಡು ಒಯ್ಯಬೇಕು,
ಸೀರೆಗೆಲ್ಲ ತುಳುಕುತ್ತೆ.
ಬಿಳಿಯದಕ್ಕೆ ಇದೆ.